ಹೇಳಬೇಕಾದವರಿಗಷ್ಟೇ

ಬೆಳಗಿನ ಮೊದಲ ಬಸ್ಸು ಇನ್ನೂ ಕಿಬ್ಬನಹಳ್ಳಿ ದಾಟಿರುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ಹಿಂಬದಿಯ ಸಣ್ಣ ಕೋಣೆಯ ಬೀಗ ತೆಗೆದು ದಾನೇಶ್ವರಿ ತಾವೇ ಕಸ ಗುಡಿಸುತ್ತಾರೆ, ಬೆಂಚನ್ನು ಕಿಟಕಿಯಿಂದ ದೂರಕ್ಕೆ ಎಳೆದಿಡುತ್ತಾರೆ. ಚೀಟಿ ಕೊಡುವ ಹೊತ್ತಿಗೆ ಹೊರಗೆ ಜನ ಸಾಲುಗಟ್ಟುತ್ತಾರೆ. ಅಷ್ಟರೊಳಗೆ, ಕಾಲೇಜಿಗೆ ಹೊರಟ ಹುಡುಗಿಯೊಬ್ಬಳು ಬಂದು ಮಾತಾಡಿ ಹೋಗುವಂತಿರಬೇಕು.

"ಸಾಲಲ್ಲಿ ಅತ್ತೆನೋ ದೊಡ್ಡಮ್ಮನೋ ಸಿಕ್ಕೇ ಸಿಗ್ತಾರೆ ಕಣ್ರೀ. 'ನೀನ್ಯಾಕೆ ಬಂದೆ ಇಲ್ಲಿಗೆ' ಅಂದ್ರೆ ಆ ಮಗು ಏನಂತದೆ?"

ದಾನೇಶ್ವರಿ ಹದಿಹರೆಯದವರ ಆಪ್ತಸಮಾಲೋಚಕಿ. ಗುತ್ತಿಗೆ ನೌಕರಿ. ಗಂಡ ಕಾಡಸಿದ್ದಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದಾರೆ. ಸುತ್ತಲ ಊರುಗಳ ಸುದ್ದಿಯೆಲ್ಲ ಮೊದಲು ಸೇರುವುದು ಅಲ್ಲಿಗೇ. ಮನೆಯಲ್ಲಿ ಅವರಿಗೂ ದಾನೇಶ್ವರಿ ಏನೂ ಹೇಳುವುದಿಲ್ಲ. ಪ್ರೀತಿ, ದೈಹಿಕ ಸಂಬಂಧ, ಗರ್ಭದ ಭಯ ಇವನ್ನೆಲ್ಲ ಒಳಗೇ ಹೊತ್ತು ಬರುವ ಮಕ್ಕಳ ಮಾತು ಕೇಳುವುದು ದಾನೇಶ್ವರಿಯವರ ಕೆಲಸ. ಕೇಳಿದ್ದನ್ನು ಯಾರಿಗೆ, ಎಷ್ಟು ತಿಳಿಸಬೇಕೆಂದು ತೀರ್ಮಾನಿಸುವುದು ಇನ್ನೂ ಕಷ್ಟದ್ದು.

ಹಿಂದೊಮ್ಮೆ ಬಂದ ಹುಡುಗಿಯೊಬ್ಬಳ ವಿಷಯವನ್ನು, ಆಕೆಯ ಒಪ್ಪಿಗೆ ಪಡೆದ ಮೇಲಷ್ಟೇ ಅವರು ನನಗೆ ಹೇಳಿದರು. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಹುಡುಗಿಗೆ ಹದಿನೇಳು. ತನಗಿಂತ ದೊಡ್ಡ ಹುಡುಗನೊಬ್ಬನ ಜೊತೆ ಸಂಬಂಧವಿತ್ತು, ಮುಟ್ಟು ತಪ್ಪಿತ್ತು. ಸುಳಿವು ಸಿಕ್ಕ ಮನೆಯವರು ಸಂಬಂಧಿಕರಲ್ಲೇ ಒಂದು ಗಂಡು ನೋಡಿ ತರಾತುರಿಯಲ್ಲಿ ಮದುವೆ ಗೊತ್ತುಮಾಡಿದ್ದರು. "ಯಾರ್ಗೂ ಹೇಳ್ಬ್ಯಾಡಿ ಅಕ್ಕ" ಎಂದು ಆಕೆ ಕೈ ಹಿಡಿದುಕೊಂಡಳು.

"ಹೇಳಲ್ಲ ಅಂತ ಸುಳ್ಳು ಮಾತು ಕೊಡಕ್ಕಾಗ್ಲಿಲ್ಲ. ಹದಿನೆಂಟು ತುಂಬಿಲ್ಲ ಅಂದ್ರೆ ಕಾನೂನಲ್ಲಿ ಪೊಲೀಸ್ರಿಗೆ ತಿಳಿಸ್ಲೇಬೇಕು. 'ಹೇಳ್ಲೇಬೇಕಾದೋರ್ಗೆ ಹೇಳ್ತೀನಿ ಕಣವ್ವ, ಅದೂ ಬೇಕಾದಷ್ಟೇ. ನಿಂಗೆ ಮೊದ್ಲು ತಿಳ್ಸಿ ಆಮೇಲೆ ಹೇಳ್ತೀನಿ' ಅಂದೆ. ಕೈ ಕಿತ್ಕೊಂಡು ಎದ್ದುಬುಟ್ಳು."

ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು. ಮನೆಗೆ ಹೋದರೆ ಮದುವೆ. ವಾಪಸು ಬಂದು ಕೂತಳು.

ವೈದ್ಯರು ಪರೀಕ್ಷಿಸಿದರು, ಗರ್ಭ ನಿಂತಿರಲಿಲ್ಲ. ಪೊಲೀಸರಿಗೂ ಮಕ್ಕಳ ಕಲ್ಯಾಣ ಸಮಿತಿಗೂ ವಿಷಯ ಹೋಯಿತು. ಮಹಿಳಾ ಪೊಲೀಸರು ಸಮವಸ್ತ್ರವಿಲ್ಲದೆ, ನೆಂಟರ ಹಾಗೆ ಮನೆಗೆ ಹೋಗಿ ಬಂದರು. ಮದುವೆ ನಿಂತಿತು. ಪ್ರಿನ್ಸಿಪಾಲರಿಗೆ ತಿಳಿಸಿದ್ದು, ಹಾಜರಾತಿ ಕಡಿಮೆಯಾದರೂ ಆಕೆಯನ್ನು ಪರೀಕ್ಷೆಗೆ ಕೂರಿಸಬೇಕೆಂದಷ್ಟೇ. "ಕಾರಣ ಏನಮ್ಮ?" ಎಂದರು ಅವರು. "ಅದನ್ನ ಕೇಳ್ಬೇಡಿ ಸಾರ್, ಹಾಲ್‌ಟಿಕೆಟ್ ಕೊಡಿ ಸಾಕು" ಎಂದರು ದಾನೇಶ್ವರಿ.

ಆದರೂ ಒಂದು ಎಡವಟ್ಟಾಯಿತು. ಬೇರೆ ಇಲಾಖೆಯ ನೌಕರರೊಬ್ಬರು ಹುಡುಗಿಯ ಹೆಸರನ್ನು ಅಧಿಕಾರಿಗಳ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟರು. ದಾನೇಶ್ವರಿ ಅದನ್ನು ತೆಗೆಸಿ, ಗ್ರೂಪಿನಲ್ಲಿದ್ದ ಒಬ್ಬೊಬ್ಬರಿಗೂ ಫೋನ್ ಮಾಡಿ ಯಾರಿಗೂ ಕಳಿಸದಂತೆ ಕೇಳಿಕೊಂಡರು. "ಗುತ್ತಿಗೆಯವ್ರಿಗೆ ಇಷ್ಟು ಜೋರಾ?" ಎಂದವರೂ ಇದ್ದರು. ಬಳಿಕ ಹುಡುಗಿಯನ್ನು ಕರೆದು, ಹೀಗಾಯಿತೆಂದು ತಾವೇ ತಿಳಿಸಿದರು. ಆಕೆ ಅತ್ತಳು, ಬೈದಳು. ಕೆಲವು ದಿನ ಬಿಟ್ಟು ತಾನಾಗಿಯೇ ಬಂದಳು.

ಈಗ ಆಕೆ ಡಿಗ್ರಿ ಓದುತ್ತಿದ್ದಾಳೆ. ಹುಡುಗನ ಮೇಲಿನ ಕೇಸು ಇನ್ನೂ ನಡೆಯುತ್ತಿದೆ. ಆ ಮಾತು ಬಂದಾಗ ದಾನೇಶ್ವರಿ ಹುಡುಗನ ಮನೆಯನ್ನೂ ನೆನೆಯುತ್ತಾರೆ. "ಅವನಿಗೂ ಒಬ್ಳು ತಾಯಿ ಇದಾಳಲ್ಲ. ಕಾನೂನಿನಂಗೆ ನಡ್ಕೊಂಡೆ ಅಂದ್ಕೊಂಡ್ರೂ ಸಮಾಧಾನ ಆಗಲ್ಲ."

ಹುಡುಗಿಯ ತಾಯಿ ದಾನೇಶ್ವರಿಯವರನ್ನು ಇನ್ನೂ ಕ್ಷಮಿಸಿಲ್ಲ. ಬಿಪಿ ಮಾತ್ರೆಗೆಂದು ಆಸ್ಪತ್ರೆಗೆ ಬಂದಾಗ ಎದುರು ಸಿಕ್ಕರೂ ಮುಖ ತಿರುಗಿಸಿಕೊಂಡು ಹೋಗುತ್ತಾರೆ.

"ಹೋಗ್ಲಿ ಬುಡಿ," ಎನ್ನುತ್ತಾರೆ ದಾನೇಶ್ವರಿ. "ಜೊತೇಲಿ ಬಂದಿರೋ ಅವ್ರ ಊರೋರು 'ನಿಮ್ಮಿಬ್ರಿಗೂ ಏನ್ರೀ ಆಗಿರೋದು' ಅಂತ ನನ್ನೇ ಕೇಳ್ತಾರೆ. ಇವತ್ತಿಗೂ ಕೇಳ್ತಾನೇ ಅವ್ರೆ. ಕೇಳ್ತಾರೆ ಅಂದ್ರೆ ಊರಿಗೆ ಇನ್ನೂ ಗೊತ್ತಿಲ್ಲ ಅಂತ್ಲೇ ಅಲ್ವಾ."