ಆವುಲಪ್ಪನ ಹನ್ನೆರಡು ತೋಟಾಗಳು

ಆವುಲಪ್ಪ ಹೆಂಡತಿಯನ್ನು ಗದರುತ್ತಿದ್ದುದು ಕೋವಿಯ ತೋಟಾಗಳ ವಿಷಯಕ್ಕೆ ಮಾತ್ರ. ತಮಿಳುನಾಡಿನ ಗಡಿಯೊಳಗಿನ ಕೆಲಮಂಗಲದಾಚೆ ಅವನ ಹೊಲ. ಕಾಡುಹಂದಿಯಿಂದ ನೆಲಗಡಲೆ ಕಾಯಲು ಲೈಸೆನ್ಸು ಪಡೆದ ಒಂದು ಕೋವಿ, ಹನ್ನೆರಡು ತೋಟಾ. ಅವನ್ನು ಬಟ್ಟೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ತೇವವಿಲ್ಲದ ಗೋಡೆಯ ಬೀರುವಿಗೆ ಬೀಗ ಹಾಕುತ್ತಿದ್ದ. ತಿಂಗಳಿಗೊಂದು ಭಾನುವಾರ ಗಂಡ ಹೆಂಡತಿ ಹೊಸಿಲ ಬಳಿ ಕೂರುವರು. ಅವನು ಒಣಬಟ್ಟೆಯಲ್ಲಿ ಒರೆಸಿ ಕೊಟ್ಟದ್ದನ್ನು ಮುನಿರತ್ನಮ್ಮ ಬೆಳಕಿಗೆ ಹಿಡಿದು ನೋಡಿ ಸಾಲಾಗಿ ಇಡುವಳು. ಮೂವತ್ತೊಂದು ವರ್ಷ ಹಾಗೇ ನಡೆಯಿತು. ಯಾವ ತೋಟಾಕ್ಕೂ ಚುಕ್ಕೆಯಷ್ಟು ಕಿಲುಬು ಹತ್ತಲಿಲ್ಲ.

ಆಷಾಢದಲ್ಲಿ ಅವನು ತೀರಿಕೊಂಡ. ಮರಣ ಪ್ರಮಾಣಪತ್ರದ ಜೊತೆ ಕೋವಿ, ತೋಟಾ ತಂದು ಒಪ್ಪಿಸಿ ಎಂದರು ಪೊಲೀಸ್ ಸ್ಟೇಷನ್ನಿನವರು. ಪತ್ರ ಕೈಗೆ ಬರಲು ಮೂರು ತಿಂಗಳು ಹಿಡಿಯಿತು.

ತಪ್ಪಾದದ್ದು ಆ ಮೂರು ತಿಂಗಳಲ್ಲಿ. ಅವನ ಫೋಟೋಕ್ಕೆ ಹಾರ ಹಾಕಿದ ದಿನ, ಹೊಲ ಕಾಯಲು ಹೋಗುವಾಗ ಅವನು ತೋಟಾ ಸಿಗಿಸಿ ಸೊಂಟಕ್ಕೆ ಕಟ್ಟುತ್ತಿದ್ದ ಚರ್ಮದ ಬೆಲ್ಟನ್ನೂ ಪಕ್ಕದ ಮೊಳೆಗೆ ತೂಗುಹಾಕಿದಳು. ಖಾಲಿ ಬೆಲ್ಟು ನೋಡಲಾಗಲಿಲ್ಲ. ಹನ್ನೆರಡನ್ನೂ ಅದಕ್ಕೆ ಸಿಗಿಸಿದಳು. ಚರ್ಮದಲ್ಲಿ ಬಿಟ್ಟರೆ ತೋಟಾದ ಹಿತ್ತಾಳೆ ಕೆಡುತ್ತದೆಂದು ಅವನು ಎಷ್ಟು ಸಲ ಹೇಳಿದ್ದನೋ, ಆ ದಿನ ಒಂದೂ ನೆನಪಾಗಲಿಲ್ಲ.

ಪತ್ರ ಬಂದಾಗ ಬಿಚ್ಚಿ ನೋಡಿದಳು. ಚರ್ಮ ತಗುಲಿದಲ್ಲೆಲ್ಲ ಹಸಿರು ಉಂಗುರ.

"ಹುಣಸೇಹಣ್ಣು ಹಾಕಿ ತಿಕ್ಕಕ್ಕ, ಪಳಪಳ ಅಂತದೆ," ಎಂದಳು ಪಕ್ಕದ ಮನೆಯ ಗೋವಿಂದಮ್ಮ.

"ಇದೇನು ದೀಪದ ಕಂಬ ಅಂದ್ಕೊಂಡ್ಯೇನೆ? ಹುಳಿ ಹಿತ್ತಾಳೆ ತಿಂತದೆ. ನೀರು ಒಳೀಕೆ ಇಳೀತದೆ."

"ಎಣ್ಣೆನಾದ್ರೂ ಸವರು."

"ಎಣ್ಣೇನೂ ಕೂಡದು ಅಂತಿದ್ರು."

"ಸತ್ತ ಮ್ಯಾಲೂ ಗಂಡನ ಮಾತು ಮೀರಲ್ಲ ನೀನು!"

ಮೀರಿದ್ದರಿಂದಲೇ ಹೀಗಾಗಿತ್ತು. ಮುನಿರತ್ನಮ್ಮ ಎರಡು ದಿನ ಒಬ್ಬಳೇ ಹೊಸಿಲ ಬಳಿ ಕೂತು ಒಣಬಟ್ಟೆಯಲ್ಲಿ ಒರೆಸಿದಳು. ಒರೆಸುವವಳೂ ಅವಳೇ, ಬೆಳಕಿಗೆ ಹಿಡಿಯುವವಳೂ ಅವಳೇ. ಒಂಬತ್ತು ತಿಳಿಯಾದವು. ಮೂರರಲ್ಲಿ ಉಗುರಿಗೆ ಸಿಗುವಷ್ಟು ಗುಳಿ ಬಿದ್ದಿತ್ತು. ಅವಳಿಗಿದ್ದುದು ಒಂದೇ ಭಯ, ಆವುಲಪ್ಪ ಸರಿಯಾಗಿ ಇಟ್ಟುಕೊಳ್ಳಲಿಲ್ಲ ಎಂದು ಸ್ಟೇಷನ್ನಿನವರು ಬರೆದುಬಿಟ್ಟರೆ?

ಸ್ಟೇಷನ್ನಿನಲ್ಲಿ ಬರೆಯುವವನು ಮುರಳಿಕೃಷ್ಣ. ಅವಳು ತಂದ ಕೋವಿಯನ್ನು ಒಳಗಿಡಿಸಿ, ಡಬ್ಬಿಯ ತೋಟಾಗಳಲ್ಲಿ ಮೂರನ್ನು ಬೇರೆ ಇಟ್ಟು ನಕ್ಕ.

"ಏನಜ್ಜೀ, ತಾತ ಇವನ್ನ ಗಂಜಲದಾಗೆ ನೆನೆಹಾಕಿದ್ರಾ?"

"ಅವರಲ್ಲಪ್ಪ, ನಾನು. ಚರ್ಮದ ಬೆಲ್ಟಿಗೆ ಸಿಗಿಸಿ ಮರೆತೆ. ಅಂಗಂತ ಬರಿ."

"ಅದೆಲ್ಲ ಬರಿಯಂಗಿಲ್ಲ. ಒಂಬತ್ತು ಸರಿ, ಮೂರು ಕೆಟ್ಟವೆ. ಅಷ್ಟೇ."

"ಯಾರ ಹೆಸರಿನ ಕೆಳಗೆ?"

"ಲೈಸೆನ್ಸು ತಾತನದಲ್ವಾ?"

"ಅಂಗಾದ್ರೆ ನಾನು ಇಲ್ಲೇ ಕುಂತಿರ್ತೀನಿ."

ನಿಜವಾಗಿಯೂ ಬೆಂಚಿನ ಮೇಲೆ ಕೂತಳು. ಮೂರು ಜನ ಬಂದು ಹೋದರು. ಕೊನೆಗೆ ಅವನು ತಮಿಳಿನಲ್ಲಿ ಇನ್ನೊಂದು ಸಾಲು ಸೇರಿಸಿ, ಕನ್ನಡದಲ್ಲಿ ಹೇಳಿದ: "ಲೈಸೆನ್ಸುದಾರರು ತೀರಿಕೊಂಡ ಮೇಲೆ, ಹೆಂಡತಿ ಚರ್ಮದ ಬೆಲ್ಟಿನಲ್ಲಿ ಇಟ್ಟಿದ್ದರಿಂದ ಮೂರು ಕೆಟ್ಟಿವೆ."

"ಇನ್ನೊಂದ್ಸಲ ಹೇಳು."

ಹೇಳಿದ. ಅವಳು ತನಗೆ ಬರುವ, ತನ್ನ ಹೆಸರಿನ ಐದು ಅಕ್ಷರಗಳನ್ನು ಒಂದೊಂದಾಗಿ ಇಳಿಸಿ ರುಜು ಮಾಡಿದಳು.

ಮನೆಗೆ ಬಂದು ಡಬ್ಬಿಯ ಮುಚ್ಚಳ ಒತ್ತಿ, ಮೊದಲಿದ್ದ ಜಾಗದಲ್ಲೇ ಇಟ್ಟು, ಬೀರುವಿಗೆ ಬೀಗ ಹಾಕಿದಳು. ಕೀಲಿ ಸೆರಗಿಗೆ ಕಟ್ಟಿಕೊಳ್ಳುವಾಗ, ಒಳಗೆ ಏನೂ ಇಲ್ಲವೆಂಬುದು ನೆನಪಾಯಿತು. ಆದರೂ ಗಂಟು ಬಿಚ್ಚಲಿಲ್ಲ.