ಡಬ್ಬಿಯ ಚೀಲದಲ್ಲಿದ್ದ ಖುಲಾಸೆ

‘ಇದ್ಯಾಕ ನಿನ್ನ ಮೊಬೈಲ್‌ನ್ಯಾಗ ಬರವಲ್ದು ತಮ್ಮಾ?’ ಎನ್ನುತ್ತಾ ಮಾಣಿಕಪ್ಪ ಕಾಕಾ ಊಟದ ಡಬ್ಬಿಯ ಚೀಲದಿಂದ ಲ್ಯಾಮಿನೇಷನ್ ಮಾಡಿಸಿದ ಹಾಳೆಯೊಂದನ್ನು ತೆಗೆದು ನನ್ನ ಮುಂದಿಟ್ಟರು. ಕಳ್ಳತನದ ಕೇಸಿನಿಂದ ಅವರನ್ನು ಮೇಲಿನ ಕೋರ್ಟ್ ಖುಲಾಸೆ ಮಾಡಿದ ತೀರ್ಪು ಅದು.

ಕೊಳಾರ ಇಂಡಸ್ಟ್ರಿಯಲ್ ಏರಿಯಾದ ಗೋದಾಮೊಂದರಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೇವೆ. ಕೋರ್ಟ್ ತೀರ್ಪು ಹುಡುಕುವ ವೆಬ್‌ಸೈಟ್ ಬಳಸುವುದನ್ನು ನಾನೇ ಕಲಿತುಕೊಂಡಿದ್ದೆ. ಆ ಹುರುಪಿನಲ್ಲಿ ಊಟದ ಹೊತ್ತಿಗೆ ಒಬ್ಬೊಬ್ಬರ ಹೆಸರು ಹಾಕಿ ತೋರಿಸುತ್ತಿದ್ದೆ. ಕಾಕಾ ಹೆಸರು ಹಾಕಿದ್ದೇ ತಡ, ಕೆಳಗಿನ ಕೋರ್ಟ್ ಅವರಿಗೆ ಶಿಕ್ಷೆ ಕೊಟ್ಟ ಹಳೆಯ ತೀರ್ಪು ಬಂತು. ‘ಕಾಕಾ, ನೀವು ಭಾರಿ ಇದ್ದೀರಿ ಬಿಡ್ರಿ’ ಎಂದು ಯಾರೋ ನಕ್ಕರು. ಸೂಪರ್‌ವೈಸರ್ ಮಾತ್ರ ನಗಲಿಲ್ಲ. ನನ್ನ ಮೊಬೈಲಿನಲ್ಲಿದ್ದ ಆ ತೀರ್ಪಿನ ಫೋಟೊ ಹೊಡೆದುಕೊಂಡು ಆಫೀಸಿನೊಳಗೆ ಹೋದರು. ಕಾಕಾ ಡಬ್ಬಿಯ ಚೀಲಕ್ಕೆ ಕೈ ಹಾಕಿದ್ದು ಆಗಲೇ.

ಖುಲಾಸೆಯ ತೀರ್ಪು ಎಷ್ಟು ಹುಡುಕಿದರೂ ಸಿಗಲಿಲ್ಲ. ವೆಬ್‌ಸೈಟಿನ ಕೆಳಗಿದ್ದ ಸಣ್ಣ ಅಕ್ಷರಗಳನ್ನು ಆಗ ಮೊದಲ ಸಲ ಓದಿದೆ. ಕೋರ್ಟಿನ ಸ್ವಂತ ವೆಬ್‌ಸೈಟಿನಲ್ಲಿ ಇರುವುದನ್ನಷ್ಟೇ ಈ ಖಾಸಗಿ ವೆಬ್‌ಸೈಟಿನವರು ತೆಗೆದುಕೊಳ್ಳುತ್ತಾರಂತೆ. ಅಲ್ಲಿಲ್ಲದ್ದು ಇವರಲ್ಲೂ ಇರುವುದಿಲ್ಲ. ನಾನೋ, ಎಲ್ಲ ಕೇಸಿನ ಎಲ್ಲ ಕಾಗದವೂ ಇದರಲ್ಲಿದೆ ಎಂದು ನಂಬಿದ್ದೆ.

ಆ ಹಾಳೆ ಹಿಡಿದು ಸೂಪರ್‌ವೈಸರ್ ಹತ್ತಿರ ಓಡಿದೆ. ‘ಆ ಫೋಟೊ ಆಗ್ಲೇ ಮ್ಯಾಲಿನವರಿಗೆ ಕಳಿಸೀನಿ. ಅವರು ಏನಂತಾರ ನೋಡೂನು’ ಎಂದರು.

ಮೇಲಿನವರು ಇನ್ನೂ ಏನೂ ಹೇಳಿಲ್ಲ. ದಿನಾ ಬೆಳಿಗ್ಗೆ ಕಾಕಾ ತಮ್ಮೂರು ಖಟಕ ಚಿಂಚೋಳಿಯಿಂದ ಬಂದು ಗೇಟು ದಾಟುವವರೆಗೂ, ಎಲ್ಲಿ ಅವರನ್ನು ತಡೆದುಬಿಡುತ್ತಾರೋ ಎಂದು ನಾನು ಹೊರಗೇ ನಿಂತಿರುತ್ತೇನೆ. ಚೀಲದೊಳಗಿರುತ್ತಿದ್ದ ಹಾಳೆಯನ್ನು ಅವರೀಗ ಕೈಯಲ್ಲೇ ಹಿಡಿದುಕೊಂಡು ಬರುತ್ತಾರೆ.