ಬ್ಯಾಟರಿಯ ನೀರು ಕುಡಿದ ಕಣ್ಣು

ಪೋತ್ನಾಳದಲ್ಲಿ ನನ್ನ ಕಿರಾಣಿ ಅಂಗಡಿಯ ಮಗ್ಗುಲಿಗೇ ಯಮನೂರಪ್ಪನ ಮನೆ. ಕುರಿ ಕಾಯುವ ಮನೆತನ, ಕಾಲುವೆಯ ಕೆಳಗೆ ತುಂಡು ಭತ್ತದ ಗದ್ದೆ, ಹೆಂಡತಿ ದುರುಗಮ್ಮ. ಮಕ್ಕಳಿಲ್ಲ. ಇಂಥ ಹೊಟ್ಟೆಕಿಚ್ಚಿನ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದನ್ನು ಇಷ್ಟು ರಾಜಾರೋಷವಾಗಿ ಇಟ್ಟುಕೊಂಡವನನ್ನೂ ಕಂಡಿಲ್ಲ. ನಾವೆಲ್ಲ ಪಕ್ಕದ ಮನೆಯವರು ಹೊಸ ತಗಡು ಹೊದಿಸಿದರೆ ಚಲೋ ಆಯಿತೆಂದು ಹಲ್ಲು ಕಿರಿದು, ಮನೆಗೆ ಬಂದು ಉರಿದುಕೊಳ್ಳುತ್ತೇವೆ. ಅವನು ಬೀದಿಯಲ್ಲೇ ನಿಂತು, "ನೋಡಿದ್ರ ಹೊಟ್ಟಿ ಉರೀತದ ನೋಡು" ಅನ್ನುತ್ತಿದ್ದ.

ಒಮ್ಮೆ ರಾಮಣ್ಣನ ಎಮ್ಮೆಯನ್ನು ಹೀಗೇ ನಿಂತು ನೋಡಿದ. ಮರುದಿನದಿಂದ ಅದರ ಹಾಲು ಇಳಿಯಿತು. ಮೇವು ಬದಲಾಗಿತ್ತೋ ಏನೋ, ಯಾರಿಗೆ ಬೇಕು? ಊರಿಗೆ ಕಾರಣ ಸಿಕ್ಕಿತ್ತು. ಅಂದಿನಿಂದ ಅವನು ಬರುವುದು ಕಂಡರೆ ಹೆಂಗಸರು ಕರುವಿನ ಮೇಲೆ ಗೋಣಿಚೀಲ ಎಳೆಯುತ್ತಿದ್ದರು, ಹಾಲಿನ ಪಾತ್ರೆಗೆ ಸೆರಗು ಮುಚ್ಚುತ್ತಿದ್ದರು. ಇದರಿಂದ ಅವನಿಗೆ ಬೇಸರವಾಗುತ್ತಿತ್ತು ಅಂದುಕೊಂಡರೆ ತಪ್ಪು. ಮೀಸೆಯಡಿ ನಗುತ್ತಿದ್ದ. ತನ್ನ ಹತ್ತಿರ ಬೇರೇನೂ ಇಲ್ಲದಿದ್ದರೂ ಊರು ಹೆದರುವಂಥದ್ದೊಂದು ಇದೆಯಲ್ಲ ಎಂಬ ಸೊಕ್ಕು ಅದು.

ಅವನ ತಂಗಿ ರಾಧಾಳನ್ನು ದೇವದುರ್ಗಕ್ಕೆ ಕೊಟ್ಟಿದೆ. ಅವಳ ಗಂಡ ಪ್ರಭುರಾಜ ಹಳೆಯದೊಂದು ಬಿಳಿ ಕಾರು ಕೊಂಡು ರಾಯಚೂರಿಗೆ, ಮಾನ್ವಿಗೆ ಬಾಡಿಗೆ ಹೊಡೆಯತೊಡಗಿದ. ಕಾರು ತೋರಿಸಬೇಕೆಂದು ಗಂಡ ಹೆಂಡತಿ ಕೂಸನ್ನೂ ಎತ್ತಿಕೊಂಡು ಪೋತ್ನಾಳಕ್ಕೆ ಬಂದರು. ಯಮನೂರಪ್ಪ ಕಾರಿಗೆ ಒಂದು ಸುತ್ತು ಹಾಕಿದ, ಬಾನೆಟ್ ಮೇಲೆ ಕೈಯಾಡಿಸಿದ. "ಎಲ್ಲಾ ನಿಮಗ ಬಂತು" ಅಂದ. ಅಷ್ಟೇ ಅಂದದ್ದು.

ಕೆಲವು ವಾರಕ್ಕೆ ಕಾರಿನ ಬ್ಯಾಟರಿ ಸತ್ತಿತು. ಮುಚ್ಚಳ ತೆಗೆದು ನೋಡಿದರೆ ಒಳಗಿನ ನೀರು ಬತ್ತಿತ್ತು. ಪ್ರಭುರಾಜ ಬ್ಯಾಟರಿ ನೀರು ತಂದು ಹಾಕಿದ, ಮತ್ತೆ ಬತ್ತಿತು. ಹೊಸ ಬ್ಯಾಟರಿ ಕೂರಿಸಿದ. ಅದೂ ಬಹಳ ಕಾಲ ಬಾಳಲಿಲ್ಲ. ಪಕ್ಕೆ ಉಬ್ಬಿಕೊಂಡು ಕೊಳೆತ ಮೊಟ್ಟೆಯ ವಾಸನೆ ಹೊಡೆಯಿತು. ಕುರಿ ಎಮ್ಮೆ ಸಾಕುವ ಮನೆಯ ಮಗಳಿಗೆ ಇದು ಅರ್ಥವಾಗಲು ಮೆಕ್ಯಾನಿಕ್ ಬೇಕೇ? ಕಣ್ಣು ಬಿದ್ದರೆ ಎಮ್ಮೆಗೆ ಹಾಲು ಬತ್ತುತ್ತದೆ. ಕಾರಿಗೆ ಹಾಲಿಲ್ಲ, ನೀರು ಬತ್ತಿತು. ಯಾರ ಕಣ್ಣು ಎಂದು ಯಾರೂ ಕೇಳಲಿಲ್ಲ. ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು, ಬಂಪರಿಗೆ ಹಳೆಯ ಚಪ್ಪಲಿ ಇಳಿಬಿಟ್ಟರು. ಅದರ ಮುಂದಿನ ಬ್ಯಾಟರಿಯೂ ಬತ್ತಿತು.

ಬ್ಯಾಟರಿ ಅಂಗಡಿಯವರು ಯಾಕೆ ಹೀಗೆಂದು ಕೇಳಿದರೆ ಪ್ರಭುರಾಜನೇ, "ನಮ್ಮ ರಾಧಾನ ಅಣ್ಣಂದು ಕಣ್ಣು ಸರಿ ಇಲ್ರೀ" ಎನ್ನುತ್ತಿದ್ದ. ಅವರೂ ಹೌದೆಂದು ತಲೆಯಾಡಿಸಿ ಹೊಸದೊಂದನ್ನು ಕೂರಿಸುತ್ತಿದ್ದರು. ಕಾರಣ ಮೊದಲೇ ಗೊತ್ತಿರುವಾಗ ಇನ್ನೊಂದನ್ನು ಹುಡುಕುವವರು ಯಾರು?

ಅಷ್ಟರಲ್ಲಿ ಕೂಸಿನ ಜವಳ ಬಂತು. ನಮ್ಮ ಕಡೆ ಮೊದಲ ಸಲ ಕೂದಲು ತೆಗೆಸುವಾಗ ಕೂಸು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಮೊದಲ ಎಳೆಗೆ ಅವನೇ ಕತ್ತರಿ ಹಾಕಬೇಕು. ಅದು ಅವನ ಹಕ್ಕು. ರಾಧಾ ಫೋನು ಮಾಡಿದ್ದು ಅಣ್ಣನಿಗಲ್ಲ, ದುರುಗಮ್ಮನಿಗೆ.

"ಯಕ್ಕಾ, ತೊಡಿ ಮ್ಯಾಲ ಕಿರಣಕುಮಾರ ಕೂಡಿಸ್ಕೊಂತಾನ. ಅಣ್ಣ ಊಟದ ಹೊತ್ತಿಗಿ ಬರ್ಲಿ. ಕಾರಂದ್ರ ಕಬ್ಬಿಣ, ಹೋದ್ರ ಹೋತು. ಇದು ಕೂಸು."

ಕಿರಣಕುಮಾರ ಈ ಅಣ್ಣ ತಂಗಿಯ ಚಿಕ್ಕಪ್ಪನ ಮಗ. ಆ ಒಂದು ಮಾತು ಯಮನೂರಪ್ಪನ ಸೊಕ್ಕನ್ನೆಲ್ಲ ಇಳಿಸಿತು. ಊಟ ಬಿಟ್ಟ. ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಕಿರಣಕುಮಾರನ ಗುಂಗುರು ಕೂದಲನ್ನು ಬೈದ, ಇಸ್ತ್ರಿ ಅಂಗಿಯನ್ನು ಬೈದ, ಅವನ ಇಬ್ಬರು ಗಂಡುಮಕ್ಕಳನ್ನೂ ಬಿಡಲಿಲ್ಲ. ಬೈದು ಬೈದು ಸುಸ್ತಾಗಿ, "ನನ್ನ ಕೂಸಿನ್ನ ನಾನ ಕೊಲ್ತೀನೇನಪಾ?" ಅಂದ. ಮೊನ್ನೆ ಮೊನ್ನೆಯವರೆಗೂ ಅವನು ಬಂದರೆ ನನ್ನ ಹೊಸ ತಕ್ಕಡಿಗೆ ನಾನೂ ಅರಿವೆ ಮುಚ್ಚುತ್ತಿದ್ದೆ.

ಜವಳಕ್ಕೆ ಇನ್ನೂ ವಾರವಿರುವಾಗ ಪ್ರಭುರಾಜ ಯಾರನ್ನೋ ಇಳಿಸಲು ಪೋತ್ನಾಳಕ್ಕೆ ಬಂದ. ಕಾರು ಕಂಡದ್ದೇ ಯಮನೂರಪ್ಪ ತಲೆಯ ಟವೆಲ್ ಬಿಚ್ಚಿ ಕಣ್ಣಿಗೆ ಸುತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತ. ಆದರೂ ನಿಂತ ಕಾರು ಮತ್ತೆ ಚಾಲೂ ಆಗಲಿಲ್ಲ.

ದುರುಗಮ್ಮ ಹೊರಗೆ ಬಂದಳು. "ಈಗರ ನೋಡಪಾ ಪ್ರಭುರಾಜ. ಕಣ್ಣು ಕಟ್ಕೊಂಡು ಕುಂತಾರ. ಇವ್ರ ಬೆನ್ನಿಗೇನು ಕಣ್ಣದಾವೇನು?"

ಪ್ರಭುರಾಜ ಬಾನೆಟ್ ಎತ್ತಿದ. ಇನ್ನೊಂದು ಗಾಡಿಯ ಬ್ಯಾಟರಿಯಿಂದ ತಂತಿ ಜೋಡಿಸಿ ಎಂಜಿನ್ ಎಬ್ಬಿಸಿದೆವು. ರಾಯಚೂರಿನಲ್ಲಿ ಗಾಡಿಗಳ ಕರೆಂಟ್ ಕೆಲಸ ಮಾಡುವ ಪೀರಾ ಸಾಬ್ ಬಳಿ ಹೋಗಲೇಬೇಕೆಂದು ನಾನು ಹಠ ಹಿಡಿದೆ, ಯಮನೂರಪ್ಪನನ್ನೂ ಎಳೆದು ಹಿಂದಿನ ಸೀಟಿಗೆ ಹಾಕಿದೆ. ರಾಯಚೂರು ಮುಟ್ಟುವವರೆಗೂ ಅವನು ಟವೆಲ್ ಬಿಚ್ಚಲಿಲ್ಲ.

ಪೀರಾ ಸಾಬ್ ಎಂಜಿನ್ ಬಂದ್ ಮಾಡಿಸದೆಯೇ ಬ್ಯಾಟರಿಗೆ ಮೀಟರಿನ ಎರಡು ತಂತಿ ಹಚ್ಚಿದ. ಹದಿನಾಲ್ಕರ ಆಸುಪಾಸಿನಲ್ಲಿ ನಿಲ್ಲಬೇಕಾದ ವೋಲ್ಟು, ಪ್ರಭುರಾಜ ರೇಸ್ ಕೊಟ್ಟಂತೆ ಹದಿನಾರು ದಾಟಿತು.

"ಬ್ಯಾಟರಿದು ತಪ್ಪಿಲ್ರೀ," ಅಂದ. "ಎಂಜಿನ್ ತಿರುಗೂ ಮುಂದ ಆಲ್ಟರ್ನೇಟರ್ ಕರೆಂಟ್ ಮಾಡಿ ಬ್ಯಾಟರಿಗಿ ಕೊಡ್ತದ. ಸಾಕಾದಾಗ ತಡೀಲಿಕ್ಕ ಅದಕ್ಕೊಂದು ರೆಗ್ಯುಲೇಟರ್ ಇರ್ತದ. ಅದು ಖರಾಬ್ ಆಗ್ಯದ. ತುಂಬಿದ ಮ್ಯಾಲೂ ತುಂಬಾಕತ್ತದ. ಒಳಗ ನೀರು ಕುದ್ದು ಗ್ಯಾಸ್ ಆಗಿ ಹೋಗ್ತದ, ಪ್ಲೇಟು ಸೊಟ್ಟ ಆಗ್ತಾವ, ಡಬ್ಬಿ ಉಬ್ಬತದ. ಇದನ್ನ ಹಂಗ ಬಿಟ್ಟು ಎಷ್ಟು ಬ್ಯಾಟರಿ ಹಾಕಿದ್ರೂ ಅಷ್ಟೂ ಸಾಯ್ತಾವ."

ಪ್ರಭುರಾಜ ನೆಲ ನೋಡಿದ. ಯಮನೂರಪ್ಪ ಟವೆಲನ್ನು ಹಣೆಗೆ ಸರಿಸಿ ಮುಂದೆ ಬಂದ. "ಅಂದ್ರ ಕಣ್ಣಿಂದ ಆಗಿಲ್ಲೇನ್ರಿ?"

"ಯಾರ ಕಣ್ಣಿಂದ?"

"ನನ್ನ ಕಣ್ಣಿಂದ."

ಪೀರಾ ಸಾಬ್ ಅವನ ಮುಖವನ್ನೊಮ್ಮೆ ನೋಡಿ, "ಕಣ್ಣಿಂದ ರೆಗ್ಯುಲೇಟರ್ ಸುಡಾಂಗಿಲ್ರೀ" ಎಂದು ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡ.

ಕುಣಿಯಬೇಕಿತ್ತು ಯಮನೂರಪ್ಪ. ಬದಲಿಗೆ ಮುಖ ಸಪ್ಪಗಾಯಿತು. ಹೊಸ ರೆಗ್ಯುಲೇಟರ್ ಹಾಕಿಸಿಕೊಂಡು ಮರಳುವಾಗ ಮಾನ್ವಿ ದಾಟಿದ ಮೇಲೆ ಅವನು ನನ್ನ ಕಡೆ ವಾಲಿ ಮೆಲ್ಲಗೆ ಅಂದ: "ಇಷ್ಟು ವರ್ಷ ಹೊಟ್ಟಿ ಉರ್ಕೊಂಡೀನಿ. ಒಂದು ಬ್ಯಾಟರಿನೂ ಸತ್ತಿಲ್ಲಂತ." ನನಗೆ ನಗು ತಡೆಯಲಾಗಲಿಲ್ಲ. ಅವನು ನಗಲಿಲ್ಲ. ಊರು ಕೊಟ್ಟಿದ್ದ ಒಂದೇ ಒಂದು ಬಿರುದನ್ನು ಆ ಮೀಟರು ಕಿತ್ತುಕೊಂಡಿತ್ತು.

ಜವಳದ ದಿನ ಅವರ ಜೊತೆ ನಾನೂ ದೇವದುರ್ಗಕ್ಕೆ ಹೋದೆ. ರಾಧಾ ಬಾಗಿಲಲ್ಲೇ ಅಣ್ಣನ ಕಾಲಿಗೆ ನೀರು ಕೊಟ್ಟಳು. "ತಪ್ಪಾತಣ್ಣಾ. ಮಷೀನ್ ಕೆಟ್ಟಿದ್ದನ್ನ ನಿನ್ನ ಮ್ಯಾಲ ಹಾಕಿದ್ವಿ" ಎಂದು ಕಣ್ಣೊರೆಸಿಕೊಂಡಳು. ಅಂಗಳದಲ್ಲಿ ಕರಿ ಕಂಬಳಿ ಹಾಸಿದ್ದರು. ಕಿರಣಕುಮಾರ ತಾನಾಗಿಯೇ ಸರಿದು ಜಾಗ ಬಿಟ್ಟ. ಯಮನೂರಪ್ಪ ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ರಾಧಾ ಕೂಸನ್ನು ಕೊಡಲು ಬಗ್ಗಿದಾಗ ಮಾತ್ರ ಅಂಗೈ ಅಡ್ಡ ಹಿಡಿದ.

"ತಡಿ ರಾಧಾ. ನನಗ ಹೊಟ್ಟಿಕಿಚ್ಚು ಇದ್ದದ್ದು ಕಾರಿನ ಮ್ಯಾಲಲ್ಲ. ಈ ಕೂಸಿನ ಮ್ಯಾಲ. ನಿನಗ ಕೊಟ್ಟ ದೇವ್ರು ನನಗ ಕೊಡ್ಲಿಲ್ಲಂತ. ಈಗೂ ಉರಿಯಾಕತ್ತದ. ಕೊಡೂ ಮುಂದ ಗೊತ್ತಿರ್ಲಿ."

ದುರುಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ರಾಧಾ ಕೂಸನ್ನು ಎದೆಗವಚಿಕೊಂಡು ಅಣ್ಣನನ್ನೇ ನೋಡುತ್ತ ನಿಂತಳು. ಆಮೇಲೆ ಅವನ ಕೈ ಸರಿಸಿ, ಕೂಸನ್ನು ತೊಡೆಯ ಮೇಲೆ ಕೂರಿಸಿದಳು.

"ಗಟ್ಟಿ ಹಿಡ್ಕೊ," ಅಂದಳು. "ಅಲುಗಾಡಿದ್ರ ಕತ್ತರಿ ತಾಗ್ತದ."